ಆತ್ಮತುಷ್ಟಿಯ ಅಧಿಕಾರ: ಸಲಿಂಗಪ್ರೇಮ, ಮಿತಾಕ್ಷರೆ ಮತ್ತು ವಿಜ್ಞಾನದ ಸಾಕ್ಷ್ಯ

ವಯಸ್ಕರು ಪರಸ್ಪರ ಒಪ್ಪಿ ಖಾಸಗಿಯಾಗಿ ಇರಿಸಿಕೊಳ್ಳುವ ಸಲಿಂಗ ಸಂಬಂಧ ಅಪರಾಧವಲ್ಲವೆಂದು ದೆಹಲಿ ಹೈಕೋರ್ಟು 2009ರ ಜುಲೈ 2ರಂದು ತೀರ್ಪಿತ್ತಿತು. ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರ ಪಟ್ಟಿ ಕುತೂಹಲದ್ದು. ಒಬ್ಬ ಜ್ಯೋತಿಷಿ, ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ, ಉತ್ಕಲ ಕ್ರಿಶ್ಚಿಯನ್ ಕೌನ್ಸಿಲ್, ಕ್ರಾಂತಿಕಾರಿ ಮನುವಾದಿ ಮೋರ್ಚಾ. ಬೇರೆ ಯಾವ ವಿಷಯದಲ್ಲೂ ಒಂದೇ ಜಗಲಿಯ ಮೇಲೆ ಕೂರದವರು ಇಲ್ಲಿ ಒಗ್ಗೂಡಿದ್ದರು. ಎದುರಿಗೆ ನಿಂತವರಲ್ಲಿ ಸಲಿಂಗಪ್ರೇಮಿಗಳ ತಂದೆತಾಯಂದಿರಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನ ಶೇಖರ್ ಶೇಷಾದ್ರಿ ಮೊದಲಾದ ಮನೋವೈದ್ಯರಿದ್ದರು. 2013ರ ಡಿಸೆಂಬರ್ 11ರಂದು ಮೊದಲ ಪಕ್ಷ ಗೆದ್ದಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ತಳ್ಳಿಹಾಕಿತು.

ನ್ಯಾಯಾಲಯ ಸಂವಿಧಾನದ ನೆಲೆಯಲ್ಲಿ ಉತ್ತರ ಕೊಟ್ಟಿತು, ಕೊಡಬೇಕಾದದ್ದೂ ಹಾಗೆಯೇ. ಆದರೆ ಆಸ್ತಿಕನೊಬ್ಬನ ತೊಡಕು ಅಲ್ಲಿಗೆ ತೀರುವುದಿಲ್ಲ. ಕಾನೂನು ಬಿಟ್ಟುಕೊಟ್ಟದ್ದನ್ನು ತನ್ನ ಧರ್ಮವೂ ಒಪ್ಪಬಲ್ಲುದೇ ಎಂದು ಅವನು ಕೇಳುತ್ತಲೇ ಇರುತ್ತಾನೆ. ಈ ಲೇಖನ ಆ ಪ್ರಶ್ನೆಯನ್ನು ಹಿಂದೂ ಧರ್ಮಶಾಸ್ತ್ರದೊಳಗೆ, ಅದರಲ್ಲೂ ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನವಾದ ಮಿತಾಕ್ಷರೆಯ ಮೂಲಕ, ಎತ್ತಿಕೊಳ್ಳುತ್ತದೆ.

ಮೊದಲಿಗೆ ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಖಜುರಾಹೊ ಶಿಲ್ಪಗಳನ್ನು ತೋರಿಸಿ, ನಮ್ಮ ಪರಂಪರೆ ಎಲ್ಲವನ್ನೂ ಒಪ್ಪಿತ್ತು, ಕೆಡುಕೆಲ್ಲ 1860ರ ದಂಡ ಸಂಹಿತೆಯಿಂದಲೇ ಬಂತು ಎನ್ನುವ ವಾದ ವೇದಿಕೆಗೆ ಒಪ್ಪುತ್ತದೆ, ಸಂಶೋಧನೆಗೆ ಒಪ್ಪುವುದಿಲ್ಲ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯ ಗಂಡಸರ ನಡುವಿನ ಸಂಭೋಗವನ್ನು ಜಾತಿಭ್ರಂಶಕರ ಪಾಪಗಳ ಸಾಲಿಗೆ ಸೇರಿಸುತ್ತದೆ. ಎಂಟನೆಯ ಅಧ್ಯಾಯ ಕನ್ಯೆಯನ್ನು ಕೆಡಿಸಿದ ಹೆಂಗಸಿಗೆ ತಲೆ ಬೋಳಿಸುವ, ಬೆರಳು ಕತ್ತರಿಸುವ ಶಿಕ್ಷೆ ಹೇಳುತ್ತದೆ. ಅಲ್ಲಿ ಮುಖ್ಯ ಕಾಳಜಿ ಕನ್ಯತ್ವದ್ದು ಎಂದು ವಾದಿಸಬಹುದು, ಆದರೂ ಕ್ರೌರ್ಯ ಕ್ರೌರ್ಯವೇ. ಇಷ್ಟಾಗಿಯೂ ಅದೇ ಹನ್ನೊಂದನೆಯ ಅಧ್ಯಾಯ ಇನ್ನಷ್ಟು ಮುಂದೆ ಹೋಗಿ, ಗಂಡಸಿನೊಡನೆ ಕೂಡಿದವನಿಗೂ, ಹೆಣ್ಣಿನೊಡನೆ ಎತ್ತಿನ ಗಾಡಿಯಲ್ಲೋ ನೀರಿನಲ್ಲೋ ಹಗಲು ಹೊತ್ತಿನಲ್ಲೋ ಕೂಡಿದವನಿಗೂ ಒಂದೇ ಪ್ರಾಯಶ್ಚಿತ್ತ ವಿಧಿಸುತ್ತದೆ: ಉಟ್ಟ ಬಟ್ಟೆಯಲ್ಲೇ ಸ್ನಾನ. ಹಗಲಿನ ದಾಂಪತ್ಯದ ವಿರುದ್ಧ ಯಾವ ಮೋರ್ಚಾವೂ ಇದುವರೆಗೆ ನ್ಯಾಯಾಲಯಕ್ಕೆ ಹೋಗಿಲ್ಲ.

ಇನ್ನು ಧರ್ಮದ ಮೂಲಗಳ ವಿಚಾರ. ವೇದ, ಸ್ಮೃತಿ, ಸಜ್ಜನರ ಆಚಾರ ಇವುಗಳ ಜೊತೆಗೆ ಮನು ಆತ್ಮತುಷ್ಟಿಯನ್ನೂ ಎಣಿಸುತ್ತಾನೆ. ಯಾಜ್ಞವಲ್ಕ್ಯನೂ ತನ್ನ ಮೊದಲ ಅಧ್ಯಾಯದ ಏಳನೆಯ ಶ್ಲೋಕದಲ್ಲಿ ತನಗೆ ಪ್ರಿಯವಾದದ್ದಕ್ಕೆ ಅದೇ ಸ್ಥಾನ ಕೊಡುತ್ತಾನೆ. ವ್ಯಾಖ್ಯಾನಕಾರರಿಗೆ ಇದು ಇರುಸುಮುರುಸಿನ ಮಾತಾಗಿರಬೇಕು. ವಿಜ್ಞಾನೇಶ್ವರ ಅದನ್ನು ಎಷ್ಟು ಸಾಧ್ಯವೋ ಅಷ್ಟು ಕುಗ್ಗಿಸಿದ: ಶಾಸ್ತ್ರವೇ ಎರಡು ದಾರಿ ಕೊಟ್ಟಿರುವಲ್ಲಿ ಮಾತ್ರ ಸ್ವಂತ ಇಚ್ಛೆ ನಿರ್ಣಾಯಕ. ಅವನ ಉದಾಹರಣೆ ಉಪನಯನದ್ದು. ಎಂಟನೆಯ ವರ್ಷವನ್ನು ಗರ್ಭದಿಂದ ಎಣಿಸಬೇಕೋ ಹುಟ್ಟಿನಿಂದಲೋ ಎಂಬುದನ್ನು ಮನೆಯವರೇ ಆರಿಸಿಕೊಳ್ಳಬಹುದು. ಆತ್ಮಸಾಕ್ಷಿಗೆ ಸಿಕ್ಕ ಅಂಗಳ ಇಷ್ಟು ಚಿಕ್ಕದು.

ಮೀಮಾಂಸಕ ಕುಮಾರಿಲಭಟ್ಟನ ತಂತ್ರವಾರ್ತಿಕದಲ್ಲಿ ಅಂಗಳ ಇದಕ್ಕಿಂತ ದೊಡ್ಡದು. ವೇದಾಭ್ಯಾಸದಿಂದ ಸಂಸ್ಕಾರಗೊಂಡ ಮನಸ್ಸಿಗೆ ಸಮಾಧಾನ ಕೊಟ್ಟದ್ದು ತಾನಾಗಿಯೇ ಧರ್ಮದತ್ತ ವಾಲಿರುತ್ತದೆ, ರುಮಾ ಎಂಬ ಉಪ್ಪಿನ ಗಣಿಗೆ ಬಿದ್ದದ್ದೆಲ್ಲ ಉಪ್ಪೇ ಆಗುವಂತೆ ಎನ್ನುತ್ತಾನೆ. ಇದಕ್ಕೆ ಅವನು ಆಧಾರವಾಗಿ ತರುವುದು ವೇದವಾಕ್ಯವನ್ನಲ್ಲ, ಕಾಳಿದಾಸನನ್ನು! ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತ ಆಶ್ರಮದ ಹುಡುಗಿಯನ್ನು ಕಂಡು ಮನಸೋಲುತ್ತಾನೆ. ಅವಳು ಕ್ಷತ್ರಿಯನಿಗೆ ತಕ್ಕವಳೋ ಅಲ್ಲವೋ ಗೊತ್ತಿಲ್ಲ. ತನ್ನ ಮನಸ್ಸು ಅತ್ತ ಹರಿದಿದೆ, ಸಂದೇಹ ಬಂದಾಗ ಸಜ್ಜನರಿಗೆ ಅಂತಃಕರಣವೇ ಪ್ರಮಾಣ, ಆದ್ದರಿಂದ ತಕ್ಕವಳೇ ಇರಬೇಕು ಎಂದುಕೊಳ್ಳುತ್ತಾನೆ. ಆತ್ಮತುಷ್ಟಿಯ ಬಗೆಗಿನ ಮೀಮಾಂಸೆಯ ಪ್ರಸಿದ್ಧ ದೃಷ್ಟಾಂತವೇ ಪ್ರಣಯದ್ದು. ಯಾರನ್ನು ಪ್ರೀತಿಸಬಹುದು ಎಂಬ ಪ್ರಶ್ನೆಯದ್ದು. ದುಷ್ಯಂತ ಮುಂದೆ ಹೇಗೆ ನಡೆದುಕೊಂಡ ಎಂಬುದನ್ನು ನೆನೆದರೆ, ಅಂತಃಕರಣವೊಂದನ್ನೇ ನಂಬುವುದು ಎಷ್ಟು ಅಪಾಯವೆಂಬುದೂ ಗೊತ್ತಾಗುತ್ತದೆ.

ಆದ್ದರಿಂದಲೇ ಸಂಸ್ಕಾರ ಎಂಬ ಷರತ್ತು ಮುಖ್ಯ. ಕುಮಾರಿಲನಿಗೆ ಅದು ವೇದಾಧ್ಯಯನ, ಅದೂ ಕೆಲವರಿಗಷ್ಟೇ ತೆರೆದದ್ದು. ಇಂದು ಈ ವಿಷಯದಲ್ಲಿ ಮನಸ್ಸನ್ನು ತಿದ್ದಬೇಕಾದ ಅಧ್ಯಯನದಲ್ಲಿ ವಿಜ್ಞಾನವೂ ಸೇರಬೇಕು ಎಂಬುದು ನನ್ನ ವಾದ. ಇದು ಕುಮಾರಿಲನ ಮಾತನ್ನು ಅವನು ಒಪ್ಪದಷ್ಟು ಹಿಗ್ಗಿಸುವುದು ಎಂದು ಬಲ್ಲೆ. ಆದರೆ ಪರಂಪರೆಯಲ್ಲಿ ಇದಕ್ಕೆ ಎಡೆ ಇಲ್ಲದಿಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನ ಭಿನ್ನ ಕಾಮಪ್ರವೃತ್ತಿಯವರನ್ನು ಆಸೇಕ್ಯ, ಕುಂಭೀಕ ಮುಂತಾಗಿ ವಿಂಗಡಿಸಿ, ಕಾರಣವನ್ನು ತಂದೆತಾಯಿಯ ಬೀಜದಲ್ಲಿ ಹುಡುಕುತ್ತದೆ. ವಿವರಣೆ ಇಂದಿಗೆ ನಿಲ್ಲದು, ದೋಷವೆಂಬ ಭಾವವೂ ಅದರಲ್ಲಿದೆ. ಆದರೂ ಸ್ಮೃತಿ ಪಾಪವೆಂದದ್ದನ್ನು ವೈದ್ಯ ಹುಟ್ಟುಗುಣವೆಂದ.

ಆಧುನಿಕ ವಿಜ್ಞಾನದ ಕೈಯೂ ಚೊಕ್ಕವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಮನೋವೈದ್ಯವೇ ಸಲಿಂಗಾಸಕ್ತಿಯನ್ನು ರೋಗವೆಂದು ಕರೆದಿತ್ತು. 1957ರಲ್ಲಿ ಮನಶ್ಶಾಸ್ತ್ರಜ್ಞೆ ಎವೆಲಿನ್ ಹೂಕರ್ ಪ್ರಕಟಿಸಿದ ಅಧ್ಯಯನದಲ್ಲಿ, ಮಾನಸಿಕ ಪರೀಕ್ಷೆಯ ಉತ್ತರಗಳನ್ನಷ್ಟೇ ನೋಡಿ ಯಾರು ಸಲಿಂಗಪ್ರೇಮಿ ಯಾರು ಅಲ್ಲ ಎಂದು ಹೇಳಲು ತಜ್ಞರಿಂದ ಆಗಲಿಲ್ಲ. 1972ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಸಭೆಯಲ್ಲಿ ಜಾನ್ ಫ್ರೈಯರ್ ಮುಖವಾಡ ತೊಟ್ಟು, ದನಿ ಬದಲಿಸಿ, ತಾನು ಮನೋವೈದ್ಯ ಮತ್ತು ಸಲಿಂಗಪ್ರೇಮಿ ಎಂದು ಹೇಳಬೇಕಾಯಿತು. ಮರುವರ್ಷ ಆ ಸಂಘ ರೋಗಗಳ ಪಟ್ಟಿಯಿಂದ ಇದನ್ನು ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ. ಅಮೆರಿಕದಲ್ಲಿ ಆ ಬದಲಾವಣೆಗೆ ಮುಂದಾಳಾಗಿದ್ದ ರಾಬರ್ಟ್ ಸ್ಪಿಟ್ಜರ್ ಅವರೇ 2003ರಲ್ಲಿ, 200 ಜನರನ್ನು ದೂರವಾಣಿಯಲ್ಲಿ ಮಾತಾಡಿಸಿ, ಕೆಲವರು ಚಿಕಿತ್ಸೆಯಿಂದ ಬದಲಾಗಿದ್ದಾರೆ ಎಂದು ಬರೆದರು. ಧಾರ್ಮಿಕ ಸಂಘಟನೆಗಳು ಅದನ್ನು ಎತ್ತಿ ಹಿಡಿದವು. ಆ ಜನ ಹೇಳಿದ್ದನ್ನು ಪರೀಕ್ಷಿಸುವ ದಾರಿಯೇ ತನಗಿರಲಿಲ್ಲ ಎಂದು ಒಪ್ಪಿ ಸ್ಪಿಟ್ಜರ್ 2012ರಲ್ಲಿ ಕ್ಷಮೆ ಕೇಳಿದರು. ತನ್ನ ತಪ್ಪನ್ನು ಬಹಿರಂಗವಾಗಿ ತಿದ್ದಿಕೊಳ್ಳುವ ಈ ಅಭ್ಯಾಸವನ್ನೇ ನಾನು ಸಂಸ್ಕಾರವೆಂದು ಕರೆಯುವುದು.

ಆದರೆ ವಿಜ್ಞಾನದ ಮೇಲೆ ಹೊರಲಾರದ ಭಾರ ಹೇರಬಾರದು. 2019ರಲ್ಲಿ ಸುಮಾರು 4,77,000 ಜನರ ವಂಶವಾಹಿಗಳನ್ನು ಪರಿಶೀಲಿಸಿದ ಅಧ್ಯಯನ, ಸಲಿಂಗ ವರ್ತನೆಗೆ ಒಂಟಿ ಜೀನ್ ಯಾವುದೂ ಇಲ್ಲವೆಂದಿತು; ಅನುವಂಶೀಯತೆಯ ಪಾಲು ಇದೆ, ಅದೇ ಪೂರ್ತಿಯಲ್ಲ. ಹುಟ್ಟಿನಿಂದ ಬಂದದ್ದಾದ್ದರಿಂದ ಒಪ್ಪಿ ಎಂಬ ವಾದ ಇದರಿಂದ ಸ್ವಲ್ಪ ಸಡಿಲಾಗುತ್ತದೆ. ಸಡಿಲಾಗಲಿ. ಭಕ್ತಿಯೂ ಜೀನಿನಲ್ಲಿ ಬಂದದ್ದಲ್ಲ. ಆದರೂ ಸಂವಿಧಾನದ 25ನೇ ಅನುಚ್ಛೇದ ಅದನ್ನು ಕಾಯುತ್ತದೆ, ಅದೂ ಆತ್ಮಸಾಕ್ಷಿಯ ಸ್ವಾತಂತ್ರ್ಯದಿಂದಲೇ ಮಾತು ಆರಂಭಿಸಿ. ವಿಜ್ಞಾನ ಮಾಡಬಲ್ಲದ್ದು ಇಷ್ಟೇ: ಇದು ರೋಗ, ಇದು ಚಟ, ಇದು ವಾಸಿಯಾಗುತ್ತದೆ ಎಂಬ ಮೂರು ಲೌಕಿಕ ಹೇಳಿಕೆಗಳನ್ನು ಧಾರ್ಮಿಕ ತೀರ್ಮಾನದ ಕೆಳಗಿನಿಂದ ಎಳೆದುಹಾಕುವುದು. ಉಳಿದ ತೀರ್ಮಾನ ಅಂತಃಕರಣದ ಕೆಲಸ.

ಈ ಎರಡೂ ಕೂಡಿದ ಒಂದು ನಿದರ್ಶನ ನ್ಯಾಯಾಲಯದಲ್ಲೇ ಇದೆ. ಮದುರೈಯಿಂದ ಚೆನ್ನೈಗೆ ಓಡಿಬಂದ ಇಬ್ಬರು ಯುವತಿಯರ ಪ್ರಕರಣ 2021ರಲ್ಲಿ ಮದರಾಸು ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ ಬಂತು. ಈ ವಿಷಯ ತನಗೆ ಪೂರ್ತಿ ತಿಳಿದಿಲ್ಲವೆಂದು ಅವರು ಆದೇಶದಲ್ಲೇ ಬರೆದು, ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ಕುಳಿತು ಕಲಿತು, ಆಮೇಲೆ ಜೂನ್ 7ರಂದು ತೀರ್ಪು ಕೊಟ್ಟರು. ಲೈಂಗಿಕ ಒಲವನ್ನು ಬದಲಿಸುವ ಚಿಕಿತ್ಸೆಯನ್ನು ಆ ತೀರ್ಪು ನಿಷೇಧಿಸಿತು. ಕಲಿತು ತಿದ್ದಿಕೊಂಡ ಮನಸ್ಸಿನ ಸಮಾಧಾನ ಪ್ರಮಾಣವಾಗಬಲ್ಲುದು ಎಂಬ ಹಳೆಯ ಮಾತಿಗೆ ಇದಕ್ಕಿಂತ ಹತ್ತಿರದ ಉದಾಹರಣೆಯನ್ನು ನಾನು ಕಂಡಿಲ್ಲ.

ಲೋಕ ಒಪ್ಪದಲ್ಲ ಎಂಬ ಆಕ್ಷೇಪ ಉಳಿಯುತ್ತದೆ. ಲೋಕವಿದ್ವಿಷ್ಟ, ಅಂದರೆ ಜನ ಹೇಸುವಂಥದ್ದು, ಧರ್ಮ್ಯವಾದರೂ ಆಚರಿಸತಕ್ಕದ್ದಲ್ಲ ಎಂದು ಯಾಜ್ಞವಲ್ಕ್ಯನೇ ಹೇಳಿದ್ದಾನೆ. ಹಿರಿಯ ಮಗನಿಗೆ ಹೆಚ್ಚು ಪಾಲು ಕೊಡುವ ಶಾಸ್ತ್ರೋಕ್ತ ಪದ್ಧತಿಯನ್ನು ವಿಜ್ಞಾನೇಶ್ವರ ಇದೇ ಸೂತ್ರದಿಂದ ಕೈಬಿಟ್ಟ. ಬೆರಳು ಕತ್ತರಿಸುವ ಶಿಕ್ಷೆಯನ್ನು ಶಾಸ್ತ್ರದ ಒಳಗಿದ್ದುಕೊಂಡೇ ತಳ್ಳಿಹಾಕಲು ಇಷ್ಟು ಸಾಕು. ಆದರೆ ಈ ಕತ್ತಿಗೆ ಎರಡು ಅಲಗು: ನೆರೆಯವರ ಹೇಸಿಗೆಯನ್ನೇ ಮುಂದೆ ಮಾಡಿ ಇಬ್ಬರು ಹೆಂಗಸರನ್ನು ಊರು ಬಿಡಿಸಲೂಬಹುದು. ನಾನು ಇಲ್ಲಿ ಒಂದು ಗೆರೆ ಎಳೆಯುತ್ತೇನೆ. ಈ ಸೂತ್ರ ಒಬ್ಬ ತನ್ನ ಆಚರಣೆಯನ್ನು ಬಿಡಲು ಹೇಳಿದ್ದು. ಇನ್ನೊಬ್ಬರನ್ನು ದಂಡಿಸಲು ಹೇಳಿದ್ದಲ್ಲ. ವಿಜ್ಞಾನೇಶ್ವರನೂ ಪಾಲಿನ ವಿಷಯದಲ್ಲಿ ಅದನ್ನು ಬಳಸಿದ್ದು ಕಿರಿಯರಿಗೆ ಅನ್ಯಾಯವಾಗದಂತೆ.

ಸವದತ್ತಿಯ ಯಲ್ಲಮ್ಮನ ಜೋಗಪ್ಪಂದಿರನ್ನು ತೋರಿಸಿ, ಉತ್ತರ ಕರ್ನಾಟಕದ ಜನಪದ ಶಾಸ್ತ್ರಿಗಳಿಗಿಂತ ಉದಾರ ಎನ್ನುವವರಿದ್ದಾರೆ. ನಿಜ, ಅರ್ಧ ನಿಜ. ಅಲ್ಲಿ ಒಪ್ಪಿಗೆ ಸಿಗುವುದು ಅಮ್ಮ ಮೈಮೇಲೆ ಬಂದಳು ಎಂಬ ಕಾರಣಕ್ಕೆ. ನಾನು ಹೀಗಿದ್ದೇನೆ ಎಂದು ಸುಮ್ಮನೆ ಹೇಳಿದವನಿಗೆ ಆ ರಕ್ಷೆ ಇಲ್ಲ.

ಮನೆಗಳಲ್ಲಿ ನಡೆಯುವ ದೊಡ್ಡ ಅನ್ಯಾಯ ಬೇರೆಯೇ ಇದೆ, ಅದನ್ನು ಧರ್ಮದ ಹೆಸರಿನಲ್ಲೇ ಮಾಡಲಾಗುತ್ತದೆ: ಒಂದು ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ಮಗನಿಗೆ ಹೆಣ್ಣು ತರುವುದು. ಯಾಜ್ಞವಲ್ಕ್ಯಸ್ಮೃತಿಯ ಮೊದಲ ಅಧ್ಯಾಯದ ಐವತ್ತೈದನೆಯ ಶ್ಲೋಕ ವರನ ಪುಂಸ್ತ್ವವನ್ನು ಎಚ್ಚರದಿಂದ ಪರೀಕ್ಷಿಸಿರಬೇಕು ಎನ್ನುತ್ತದೆ. ನಾರದಸ್ಮೃತಿ ದಾಂಪತ್ಯಕ್ಕೆ ತಕ್ಕವರಲ್ಲದ ಗಂಡಸರ ಹದಿನಾಲ್ಕು ಬಗೆಗಳನ್ನು ಎಣಿಸಿ, ಹುಟ್ಟಿನಿಂದಲೇ ಹಾಗಿರುವವನನ್ನು ನಿಸರ್ಗಪಂಡನೆಂದು ಮೊದಲಿಗೆ ಇಡುತ್ತದೆ. ಆ ಪದಗಳು ಇಂದಿನ ಸಲಿಂಗಪ್ರೇಮಿಗೆ ಸರಿಯಾಗಿ ಹೊಂದುವುದಿಲ್ಲ. ಆದರೆ ಅವುಗಳ ಹಿಂದಿನ ಕಾಳಜಿ, ಒಲವಿಲ್ಲದವನ ಕೈಗೆ ಹೆಣ್ಣೊಬ್ಬಳ ಬಾಳನ್ನು ಕೊಡಬಾರದೆಂಬುದು, ಹೊಂದುತ್ತದೆ. ಶಾಸ್ತ್ರ ಹಿಡಿದು ಮಾತಾಡುವ ತಂದೆತಾಯಿಗೆ ಪುರೋಹಿತರು ಲಗ್ನಪತ್ರಿಕೆ ಬರೆಯುವ ಮೊದಲು ಹೇಳಬೇಕಾದದ್ದು ಇದನ್ನು.