ಮುಂಬೈಗೆ ಮಣ್ಣು ತಂದವರು

ಮುಂಬೈಯ ತರಕಾರಿ ಮಾರುಕಟ್ಟೆಗಳಲ್ಲಿ ಎರಡು ಬಗೆಯ ಮೆಂತ್ಯ ಸೊಪ್ಪು ಸಿಗುತ್ತದೆ. ಒಂದು, ಘಟ್ಟದ ಮೇಲಿನ ಹೊಲಗಳಿಂದ ಲಾರಿಯಲ್ಲಿ ಬರುವ ದೊಡ್ಡ ಕಟ್ಟು. ಇನ್ನೊಂದು, ಬೇರುಸಮೇತ ಕಿತ್ತ ಎಳೆಯ ಸಸಿಗಳ ಪುಟ್ಟ ಕಟ್ಟು. ಸಸಿಗೆ ನಾಲ್ಕಾರು ಎಲೆ, ಬೆಳ್ಳಗಿನ ಕಾಂಡ, ಬೇರಿಗೆ ಅಂಟಿದ ಮರಳು. ಇದನ್ನು ಅಲ್ಲಿಯವರು 'ಸಮುದ್ರ ಮೇಥಿ' ಎನ್ನುತ್ತಾರೆ. ಕಡಲ ಬದಿಯ ಮರಳು ನೆಲದಲ್ಲಿ ಬೀಜ ಚೆಲ್ಲಿ ಕೆಲವೇ ದಿನಗಳಲ್ಲಿ ಕಿತ್ತುಬಿಡುವ ಬೆಳೆ ಇದು. ಅಷ್ಟು ಎಳೆಯ ಸಸಿಗೆ ಬೀಜದೊಳಗಿನ ಆಹಾರವೇ ಸಾಕಾಗುತ್ತದೆ, ಮಣ್ಣಿನ ಸಾರ ಬೇಕಾಗುವುದಿಲ್ಲ.

ಹೆಚ್ಚಿನ ತರಕಾರಿಗಳಿಗೆ ಈ ಅನುಕೂಲವಿಲ್ಲ. ಮುಂಬೈಯಲ್ಲಿ ತರಕಾರಿ ಬೆಳೆಯುವ ಮಾತು ಬಂದಾಗಲೆಲ್ಲ ಜನ ಮೊದಲು ಹೇಳುವುದು 'ಜಾಗ ಎಲ್ಲಿದೆ' ಎಂದು. ಆದರೆ ಈ ಊರಿನ ಹಿತ್ತಲುಗಳ ಚರಿತ್ರೆಯನ್ನು ನೋಡಿದರೆ, ಪ್ರತಿ ತಲೆಮಾರೂ ಹೆಚ್ಚು ಹೆಣಗಿದ್ದು ಮಣ್ಣಿಗಾಗಿ ಎಂದು ತಿಳಿಯುತ್ತದೆ. ಬಿಸಿಲು ಇತ್ತು, ಮೂಲೆ ಮುಡುಕಿನಲ್ಲಿ ಜಾಗವೂ ಇತ್ತು. ಮಣ್ಣನ್ನು ಮಾತ್ರ ಎಲ್ಲಿಂದಲೋ ತರಬೇಕಾಗಿತ್ತು, ಇಲ್ಲವೇ ತಾವೇ ಮಾಡಿಕೊಳ್ಳಬೇಕಾಗಿತ್ತು.

ಹವೆಯ ಮಟ್ಟಿಗೆ ಮುಂಬೈ ಪುಣ್ಯ ಮಾಡಿದ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯಲ್ಲಿ ಸಸಿ ಕೊಳೆಯುತ್ತದೆ, ಅಕ್ಟೋಬರಿನ ಸೆಕೆಯಲ್ಲಿ ಬಾಡುತ್ತದೆ. ನವೆಂಬರ್ ಹೊತ್ತಿಗೆ ರಾತ್ರಿ ತಣ್ಣಗಾಗತೊಡಗಿದ ಮೇಲೆ ಮೂರೂವರೆ ತಿಂಗಳು ಹಿತವಾದ ಕಾಲ. ಜನವರಿಯ ರಾತ್ರಿಯಲ್ಲಿ ಸಾಂತಾಕ್ರೂಝ್‌ನ ಉಷ್ಣಾಂಶ ಸುಮಾರು 17 ಡಿಗ್ರಿ, ಹಗಲು 31ರ ಆಸುಪಾಸು. 1962ರ ಜನವರಿ 22ರಂದು ಅಲ್ಲಿ 7.4 ಡಿಗ್ರಿಗೆ ಇಳಿದದ್ದನ್ನು ಇವತ್ತಿಗೂ ದಾಖಲೆಯೆಂದು ಎತ್ತಿ ಹೇಳುತ್ತಾರೆ. ಇಬ್ಬನಿ ಹೆಪ್ಪುಗಟ್ಟಿ ಬೆಳೆ ಸುಡುವ ಭಯ ಇಲ್ಲಿಲ್ಲ. ರಾತ್ರಿ ಸೆಕೆಯಿದ್ದರೆ ಟೊಮೆಟೊ ಹೂ ಬಿಟ್ಟರೂ ಕಾಯಿ ಕಚ್ಚುವುದಿಲ್ಲ, ಚಳಿಗಾಲದಲ್ಲಿ ಕಚ್ಚುತ್ತದೆ. ಪಾಲಕ್, ಮೂಲಂಗಿ, ಬದನೆ, ಅವರೆ ಎಲ್ಲಕ್ಕೂ ಇದೇ ಸುಗ್ಗಿ. ಬೆಂಗಳೂರಿನ ಬೀದಿಯಲ್ಲಿ ಅವರೆಕಾಯಿ ಘಮ್ಮೆನ್ನುವ ದಿನಗಳಲ್ಲೇ ಮುಂಬೈಯ ಆಚೆ ರಾಯಗಡದ ಗದ್ದೆಗಳಲ್ಲಿ, ಭತ್ತ ಕೊಯ್ದ ಮೇಲೆ ಉಳಿದ ತೇವದಲ್ಲಿ ಬೆಳೆದ ಅವರೆಯನ್ನು ಮಡಕೆಗೆ ತುಂಬಿ ಸುಡುತ್ತಾರೆ. ಅದಕ್ಕೆ ಅವರ ಹೆಸರು 'ಪೋಪಟಿ'.

ಒಂದು ಕಾಲದಲ್ಲಿ ಮುಂಬೈ ನಗರವೇ ಅಂಥ ಗದ್ದೆ ತೋಟಗಳ ನೆಲವಾಗಿತ್ತು. ಗಿರಗಾಂವಿನ ಓಣಿಗಳ ಹೆಸರುಗಳಲ್ಲಿ ಆ ನೆನಪು ಇನ್ನೂ ಇದೆ. ಫಣಸವಾಡಿ ಹಲಸಿನ ತೋಟ, ಕೇಳೇವಾಡಿ ಬಾಳೆಯ ತೋಟ, ಕಾಂದೇವಾಡಿ ಈರುಳ್ಳಿಯದು, ಮುಗಭಾಟ್ ಹೆಸರುಕಾಳಿನದು. ಕಂಪನಿ ಕಾಲದ ಇಂಗ್ಲಿಷ್ ಕಾಗದಪತ್ರಗಳಲ್ಲಿ ಇಂಥ ಜಮೀನಿಗೆ ಎರಡು ಪದಗಳು ಬರುತ್ತವೆ. ತೆಂಗಿನ ತೋಟ 'ಓರ್ಟ್', ಗದ್ದೆ 'ಬ್ಯಾಟಿ ಗ್ರೌಂಡ್'. ಮೊದಲನೆಯದು ಪೋರ್ಚುಗೀಸರ 'ಓರ್ತ', ಅಂದರೆ ಕಾಯಿಪಲ್ಲೆಯ ಹಿತ್ತಲು. ಎರಡನೆಯದು ನಮ್ಮ ಭತ್ತದ, ಮರಾಠಿಯ ಭಾತದ ಬಂಧು. ಇಂಗ್ಲಿಷರಿಗೆ ದ್ವೀಪ ಕೈಸೇರುವ ಮೊದಲೇ ಅದರ ನೆಲಕ್ಕೆ ಬೇಸಾಯದ ಹೆಸರುಗಳು ಬಿದ್ದಿದ್ದವು.

ಆಗಲೂ ನೆಲದ ಸಾರ ಹೊರಗಿನಿಂದಲೇ ಬರಬೇಕಿತ್ತು. 1673ರಲ್ಲಿ ಮುಂಬೈಗೆ ಬಂದಿಳಿದ ಕಂಪನಿಯ ವೈದ್ಯ ಜಾನ್ ಫ್ರೈಯರ್, ಇಲ್ಲಿಯವರು ತೆಂಗಿನ ಬುಡಕ್ಕೆ ಮೀನು ಹಾಕುತ್ತಾರೆಂದೂ ಅದು ಕೊಳೆತ ನಾತವೇ ಊರಿನ ಕಾಯಿಲೆಗೆ ಒಂದು ಕಾರಣವೆಂದೂ ಬರೆದ. ಕಾಯಿಲೆಯ ಕಾರಣ ಅವನು ತಿಳಿದದ್ದಲ್ಲ, ಗೊಬ್ಬರದ ಸಂಗತಿ ಮಾತ್ರ ನಿಜ. ಮರಳು ಮಿಶ್ರಿತ ಬಡ ನೆಲಕ್ಕೆ ಕಡಲ ಮೀನೇ ಸಾರ ಕೊಡುತ್ತಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಶಿವಡಿಯಲ್ಲಿ ಕೃಷಿ-ತೋಟಗಾರಿಕೆ ಸೊಸೈಟಿಯ ತೋಟವಿತ್ತು. ಎಲೆಕೋಸು, ಹೂಕೋಸು, ಬಟಾಣಿಯ ಬೀಜ ತರಿಸಿ ಮಳೆ ನಿಂತ ಮೇಲೆ ಬಿತ್ತುವುದು ಆ ಕಾಲದ ಯುರೋಪಿಯನ್ ಬಂಗಲೆಗಳ ವಾಡಿಕೆ. ಅವರ ಊರಿನ ಬೇಸಿಗೆ ಬೆಳೆ ಇಲ್ಲಿ ಚಳಿಗಾಲದ ಬೆಳೆಯಾಯಿತು. 1865ರ ಹೊತ್ತಿಗೆ ಮುನಿಸಿಪಲ್ ಕಮಿಷನರ್ ಆರ್ಥರ್ ಕ್ರಾಫರ್ಡ್ ಶಿವಡಿಯ ತೋಟವನ್ನು ಸ್ಮಶಾನಕ್ಕೆ ತೆಗೆದುಕೊಂಡ. ಶಿವಡಿಯ ಕ್ರೈಸ್ತ ಸ್ಮಶಾನ ಇರುವುದು ಅದೇ ನೆಲದಲ್ಲಿ. ತೋಟದ ಕೆಲಸ ಭಾಯಖಳಾದ ವಿಕ್ಟೋರಿಯಾ ಉದ್ಯಾನಕ್ಕೆ, ಇಂದಿನ ರಾಣಿಬಾಗ್‌ಗೆ ಹೋಯಿತು. ನಾಲ್ಕು ವರ್ಷದ ಬಳಿಕ, 1869ರಲ್ಲಿ, ಅದೇ ಕ್ರಾಫರ್ಡನ ಹೆಸರಿನ ಮಾರುಕಟ್ಟೆ ಎದ್ದುನಿಂತಿತು. ಅಷ್ಟರಲ್ಲಿ ರೈಲು ಘಟ್ಟ ಹತ್ತಿತ್ತು. ತರಕಾರಿ ಹೊರಗಿನಿಂದ ಬರಲಿ, ನೆಲ ಕಟ್ಟಡಗಳಿಗಿರಲಿ ಎಂಬುದು ಊರಿನ ರೀತಿಯಾಯಿತು. ವಾಡಿಗಳು ಚಾಳುಗಳಾದವು. ತೋಟದ ಹೆಸರಿನ ಓಣಿಯಲ್ಲಿ ಹಸಿರೆಂದರೆ ಕಟಕಟೆಗೆ ಕಟ್ಟಿದ ಡಬ್ಬದ ತುಳಸಿ ಅಷ್ಟೇ.

ಹೊರಗಿನಿಂದ ಬರುವುದು ನಿಂತರೆ ಏನು ಗತಿ ಎಂಬುದು ಮುಂಬೈಗೆ ಅರಿವಾದದ್ದು ಎರಡನೆಯ ಮಹಾಯುದ್ಧದಲ್ಲಿ. 1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿ ಅಲ್ಲಿಯ ಅಕ್ಕಿ ನಿಂತುಹೋಯಿತು. 1943ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಪಡಿತರ ಜಾರಿಯಾಯಿತು. 'ಹೆಚ್ಚು ಆಹಾರ ಬೆಳೆಯಿರಿ' ಎಂಬ ಸರ್ಕಾರಿ ಕೂಗು ಶುರುವಾದದ್ದೂ ಆಗಲೇ. ಸ್ವಾತಂತ್ರ್ಯದ ನಂತರವೂ ಅದು ಮುಂದುವರಿಯಿತು.

ಆ ಘೋಷಣೆ ಮುಂಬೈಯಲ್ಲಿ ಕಣ್ಣಿಗೆ ಕಾಣುವಂತೆ ಉಳಿದದ್ದು ರೈಲು ಹಳಿಗಳ ಬದಿಯಲ್ಲಿ. ಖಾಲಿ ಜಾಗ ಒತ್ತುವರಿಯಾಗದಿರಲೆಂದು ರೈಲ್ವೆ ಇಲಾಖೆ ಅದೇ ಹೆಸರಿನ ಯೋಜನೆಯಡಿ ತನ್ನ ನೌಕರರಿಗೆ ನೆಲವನ್ನು ಗುತ್ತಿಗೆ ಕೊಟ್ಟಿತು. ಲೋಕಲ್ ರೈಲಿನ ಕಿಟಕಿಯಿಂದ ಕಾಣುತ್ತಿದ್ದ ಪಾಲಕ್, ಬೆಂಡೆ, ಮೂಲಂಗಿ ಮತ್ತು ನಮ್ಮ ಹರಿವೆಯಂಥ ಲಾಲ್ ಮಾಠ್‌ನ ಮಡಿಗಳು ಹುಟ್ಟಿದ್ದು ಹೀಗೆ. ಗುತ್ತಿಗೆ ಒಬ್ಬರ ಹೆಸರಿನಲ್ಲಿ, ಗೇಯುವವರು ಹೆಚ್ಚಾಗಿ ಉತ್ತರದಿಂದ ಬಂದ ಬಡವರು. ನೀರು ಎಷ್ಟೋ ಕಡೆ ಪಕ್ಕದ ನಾಲೆಯದು. ಚರಂಡಿ ನೀರಿನಿಂದ ಸೊಪ್ಪು ಬಲು ಬೇಗ ಸೊಂಪಾಗುತ್ತದೆ, ಕಾರ್ಖಾನೆಯ ವಿಷವಿದ್ದರೆ ಅದೂ ಎಲೆಗೆ ಏರುತ್ತದೆ. ಮಧ್ಯಮ ವರ್ಗದ ಮನೆಗಳಲ್ಲಿ 'ಹಳಿ ಬದಿಯ ಸೊಪ್ಪು ಬೇಡ' ಎಂಬ ಮಾತು ಹಬ್ಬಿತು. ಆ ಸೊಪ್ಪಿನ ಬೆಲೆಯಷ್ಟೇ ಕೈಗೆಟುಕುತ್ತಿದ್ದ ಮನೆಗಳಲ್ಲಿ ಅದನ್ನೇ ಕೊಂಡರು.

ಇತ್ತ ಗೊಬ್ಬರದ ಮೂಲವೂ ಊರು ಬಿಡುತ್ತಿತ್ತು. ಮುಂಬೈಯ ಓಣಿಗಳಲ್ಲಿ ಎಮ್ಮೆ ಕೊಟ್ಟಿಗೆಗಳು ತುಂಬಿದ್ದವು. ಹಾಲು ಶುದ್ಧವಾಗಲಿ, ಊರು ಚೊಕ್ಕಟವಾಗಲಿ ಎಂದು 1949ರಿಂದ ಗೋರೆಗಾಂವ್ ಬಳಿಯ ಆರೆಯಲ್ಲಿ ಹಾಲಿನ ಕಾಲೊನಿ ಕಟ್ಟಿ ಎಮ್ಮೆಗಳನ್ನು ಅಲ್ಲಿಗೆ ಸಾಗಿಸತೊಡಗಿದರು. ಊರಿನ ಒಳಗೆ ಸಗಣಿ ಅಪರೂಪವಾಯಿತು. ಅಡುಗೆಮನೆಯ ಕಸವಂತೂ 1927ರಿಂದಲೇ ದೇವನಾರ್ ಗುಡ್ಡೆಗೆ ಹೋಗುತ್ತಿತ್ತು. ಹಿಂದೆ ಹಿತ್ತಲಿಗೆ ಹೋಗುತ್ತಿದ್ದುದೆಲ್ಲ ಈಗ ಊರಾಚೆಗೆ ಸಾಗತೊಡಗಿತು.

ದಕ್ಷಿಣ ಕನ್ನಡ, ಉಡುಪಿಯ ಕಡೆಯಿಂದ ಹೋಟೆಲು, ಮಿಲ್ಲು, ಬ್ಯಾಂಕುಗಳ ಕೆಲಸಕ್ಕೆಂದು ಬಂದ ಕುಟುಂಬಗಳು ಇಂಥ ಮುಂಬೈಯಲ್ಲಿ ನೆಲೆಯೂರಿದವು. ಊರಿನಲ್ಲಿ ಹಿತ್ತಲೆಂದರೆ ಚಪ್ಪರ, ಚಪ್ಪರವೆಂದರೆ ಬಸಳೆ. ಅದಕ್ಕೆ ಬೀಜವೇ ಬೇಕೆಂದಿಲ್ಲ, ಅಡುಗೆಗೆ ತಂದ ಕಟ್ಟಿನ ದಪ್ಪ ದಂಟನ್ನು ನೆಟ್ಟರೆ ಚಿಗುರುತ್ತದೆ. ಎಣ್ಣೆ ಡಬ್ಬದ ತಳಕ್ಕೆ ತೂತು ಹೊಡೆದು, ದಂಟು ಊರಿ, ಕಿಟಕಿಯ ಸರಳಿಗೆ ಹಬ್ಬಿಸಿದರೆ ಒಂದು ಹೊತ್ತಿನ ಪದಾರ್ಥಕ್ಕೆ ಮೋಸವಿಲ್ಲ. ಮರಾಠಿಯವರು ಅದನ್ನು 'ಮಾಯಾಳೂ' ಎನ್ನುತ್ತಾರೆ. ಸೆಕೆನಾಡಿನ ಈ ಬಳ್ಳಿ ದೆಹಲಿಯ ಚಳಿಗೆ ಮುದುಡುತ್ತದೆ, ಮುಂಬೈಯ ಚಳಿಗಾಲದಲ್ಲಿ ನಿಧಾನವಾದರೂ ನಿಲ್ಲುವುದಿಲ್ಲ. ಡಬ್ಬದೊಳಗಿನ ಮಣ್ಣು ಮಾತ್ರ ಎರಡು ಸುಗ್ಗಿಗೆ ಸವೆದು ಗಟ್ಟಿಯಾಗಿ ಬಿಡುತ್ತಿತ್ತು.

ಮಣ್ಣನ್ನು ಮಾಡಿಕೊಳ್ಳಬಹುದು ಎಂದು ಮುಂಬೈಗೆ ತೋರಿಸಿಕೊಟ್ಟವರಲ್ಲಿ ಬಾಂದ್ರಾದ ಡಾ. ಆರ್. ಟಿ. ದೋಶಿ ಮುಖ್ಯರು. ತಾರಸಿಯ ಮೇಲೆ ಮಣ್ಣು ಹೊರಿಸುವುದು ಸುಲಭವಲ್ಲ. ಒಂದು ಘನ ಮೀಟರ್ ಒದ್ದೆ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ದೋಶಿಯವರು ಕಣ್ಣು ಹಾಕಿದ್ದು ಕಬ್ಬಿನ ಹಾಲಿನ ಅಂಗಡಿಗಳ ಮುಂದೆ ರಾಶಿ ಬೀಳುವ ಸಿಪ್ಪೆಯ ಮೇಲೆ. ಪ್ಲಾಸ್ಟಿಕ್ ಚೀಲ, ಹಳೆಯ ಡ್ರಮ್ಮುಗಳಿಗೆ ಆ ಸಿಪ್ಪೆ ತುಂಬಿ, ಮೇಲೆ ಕಾಂಪೋಸ್ಟ್ ಮತ್ತು ತುಸು ಮಣ್ಣು ಹಾಕಿ ತರಕಾರಿ, ಹಣ್ಣು ಬೆಳೆದರು. ತೂಕ ಕಡಿಮೆ, ತೇವ ಉಳಿಯುತ್ತದೆ, ಸಿಪ್ಪೆ ಕರಗುತ್ತ ಗೊಬ್ಬರವಾಗುತ್ತದೆ.

ಇನ್ನೊಂದು ದಾರಿ ಕೊಲ್ಹಾಪುರದಿಂದ ಬಂತು. ಗಣಿತ ಕಲಿಸುತ್ತಿದ್ದ ಶ್ರೀಪಾದ ದಾಭೋಲಕರ್ 'ಪ್ರಯೋಗ ಪರಿವಾರ' ಎಂಬ ಬಳಗ ಕಟ್ಟಿ, ಹತ್ತು ಗುಂಟೆಯಲ್ಲಿ ಒಂದು ಸಂಸಾರ ಬದುಕಬಹುದೆಂದು ಲೆಕ್ಕ ಹಾಕಿದವರು. ಆ ಪರಂಪರೆಯಿಂದ ಬಂದದ್ದು 'ಅಮೃತ ಮಿಟ್ಟಿ'. ಹತ್ತು ಲೀಟರ್ ನೀರಿಗೆ ಒಂದು ಕಿಲೋ ಸಗಣಿ, ಒಂದು ಲೀಟರ್ ಗಂಜಲ, 50 ಗ್ರಾಂ ಬೆಲ್ಲ ಕಲಸಿ ಮೂರು ದಿನ ಇಟ್ಟು, ಹತ್ತುಪಟ್ಟು ನೀರು ಬೆರೆಸಿ, ಅದರಲ್ಲಿ ತರಗೆಲೆ ನೆನೆಸಿ ಗುಡ್ಡೆ ಹಾಕುವುದು. ಗುಡ್ಡೆ ಮಾಗಿದ ಮೇಲೆ ಬಗೆಬಗೆಯ ಬೀಜ ಚೆಲ್ಲಿ, 21, 42, 63ನೆಯ ದಿನ ಕತ್ತರಿಸಿ ಮತ್ತೆ ಅದಕ್ಕೇ ಸೇರಿಸುವುದು. ಜೀವಾಮೃತ ಕಂಡ ನಮ್ಮ ರೈತರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಿಲ್ಲ.

ಮುಂಬೈ ಪೋರ್ಟ್ ಟ್ರಸ್ಟಿನ ಕೇಂದ್ರ ಅಡುಗೆಮನೆಯ ಕೇಟರಿಂಗ್ ಅಧಿಕಾರಿ ಪ್ರೀತಿ ಪಾಟೀಲ್ ಈ ವಿಧಾನವನ್ನು ಹಡಗುಕಟ್ಟೆಯ ತಾರಸಿಗೆ ಹತ್ತಿಸಿದರು. 2002ರ ಸುಮಾರಿಗೆ ಅವರ ಮುಂದಿದ್ದ ಸಮಸ್ಯೆ ಕಸದ್ದು: ಸಾವಿರಾರು ನೌಕರರ ಊಟ ಬೇಯುವ ಕಡೆ ಮಿಕ್ಕ ಸಿಪ್ಪೆ, ಚಹಾದ ಚರಟ ಎಲ್ಲಿ ಹಾಕುವುದು? ತಾರಸಿಯ ಮೇಲೆ ಅದೇ ಮಣ್ಣಾಯಿತು. ಆ ಮಣ್ಣಿನಲ್ಲಿ ತರಕಾರಿಯ ಜೊತೆ ಹಣ್ಣಿನ ಗಿಡಗಳೂ ಬಂದವು. ಮುಂದೆ 'ಅರ್ಬನ್ ಲೀವ್ಸ್' ಎಂಬ ಬಳಗದ ಮೂಲಕ ಈ ಕೆಲಸ ಊರಿನ ಬೇರೆ ತಾರಸಿಗಳಿಗೂ ಹೋಯಿತು. ತೋಟದ ಗೊಬ್ಬರ ಕಡಲಿನಿಂದ ಬರುತ್ತಿದ್ದ ಊರಿನಲ್ಲಿ, ಮುನ್ನೂರು ವರ್ಷಗಳ ಬಳಿಕ ಅದೇ ಕಡಲ ಅಂಚಿನ ಅಡುಗೆಮನೆಯಿಂದ ಮಣ್ಣು ಹುಟ್ಟಿತು.

ತಾರಸಿಯ ಕಥೆಯಲ್ಲಿ ತಕರಾರೂ ಇದೆ. ಮುಂಬೈಯಲ್ಲಿ ತಾರಸಿ ಯಾರೊಬ್ಬರದೂ ಅಲ್ಲ, ಹೌಸಿಂಗ್ ಸೊಸೈಟಿಯದು. ಕೆಳಗಿನ ಮನೆಯ ಸೂರು ಸೋರಿದರೆ ಮೊದಲ ಬೆರಳು ಕುಂಡದ ಕಡೆಗೆ ತಿರುಗುತ್ತದೆ. ಕಟ್ಟಡ ಹಳತಾಗಿ ರೀಡೆವಲಪ್‌ಮೆಂಟಿಗೆ ಹೋದರೆ ವರ್ಷಗಟ್ಟಲೆ ಕಟ್ಟಿದ ಮಣ್ಣನ್ನು ಸಾಗಿಸುವುದೆಲ್ಲಿಗೆ? ಚಾಳು, ಝೋಪಡಿಗಳಲ್ಲಿರುವವರಿಗೆ ತಾರಸಿಯೇ ಇಲ್ಲ. ಶುದ್ಧ ಸೊಪ್ಪು ತಿನ್ನುವ ಯೋಗ ತಾರಸಿ ಇದ್ದವರಿಗೆ, ನಾಲೆಯ ನೀರಿನದು ಉಳಿದವರಿಗೆ ಎಂಬಂತಾದರೆ, ಹಳಿ ಬದಿಯ ಹಳೆಯ ಭೇದವೇ ಮಹಡಿ ಹತ್ತಿದಂತೆ.

2020ರ ಮೇ ತಿಂಗಳಲ್ಲಿ, ಸೋಂಕಿನ ಭೀತಿಯಿಂದ ವಾಶಿಯ ಸಗಟು ಮಾರುಕಟ್ಟೆ ಒಂದು ವಾರ ಬಾಗಿಲು ಹಾಕಿತ್ತು. ಕಿಟಕಿಯ ಒಂದು ಕುಂಡದಿಂದ ಸಂಸಾರದ ಹೊಟ್ಟೆ ತುಂಬುವುದಿಲ್ಲ, 1943ರಲ್ಲೂ ತುಂಬಲಿಲ್ಲ. ಆದರೆ ಆ ಕುಂಡಕ್ಕೆ ಮಣ್ಣು ಮಾಡಿಕೊಂಡ ಮನೆಯಿಂದ ಹಸಿ ಕಸ ದೇವನಾರಿಗೆ ಹೋಗುವುದು ಕಡಿಮೆಯಾಗುತ್ತದೆ. ಸೊಪ್ಪು ಯಾವ ನೀರು ಕುಡಿದು ಬೆಳೆಯಿತೆಂಬುದೂ ಆ ಮನೆಯವರಿಗೆ ಗೊತ್ತಿರುತ್ತದೆ.

ಚಳಿಗಾಲ ಮುಗಿಯುವ ಹೊತ್ತಿಗೆ ಮುಂಬೈಯ ರಸ್ತೆಬದಿಯ ಮಳೆಮರಗಳು ಎಲೆ ಉದುರಿಸುತ್ತವೆ. ಬೆಳಿಗ್ಗೆ ಗುಡಿಸಿ ರಾಶಿ ಮಾಡಿದ್ದನ್ನು ಕೆಲವೆಡೆ ಸುಡುತ್ತಾರೆ, ಕೆಲವೆಡೆ ಕಸದ ಗಾಡಿಗೆ ತುಂಬುತ್ತಾರೆ. ತಾರಸಿ ತೋಟದವರು ಅದನ್ನು ಗೋಣಿಗೆ ತುಂಬಿ ಮೇಲೆ ಹೊರುತ್ತಾರೆ. ಫೆಬ್ರವರಿಯಲ್ಲಿ ತಂದ ಆ ಎಲೆ ಬೇಸಿಗೆ, ಮಳೆ ಕಳೆಯುವಷ್ಟರಲ್ಲಿ ಕಪ್ಪು ಮಣ್ಣಾಗಿರುತ್ತದೆ. ನವೆಂಬರಿನ ಮೆಂತ್ಯಕ್ಕೆ ಅದು ಬೇಕು.