ಕೋವಿಯ ಮೇಲಿನ ಶಾಸನ

ಚಾಮುಂಡಿ ಬೆಟ್ಟಕ್ಕೆ ಹೋದವರಲ್ಲಿ ಹೆಚ್ಚಿನವರು ಅಮ್ಮನವರ ದರ್ಶನ ಮುಗಿಸಿ, ಮಹಿಷಾಸುರನ ಮುಂದೆ ಒಂದು ಫೋಟೋ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಪಕ್ಕದಲ್ಲೇ ಇರುವ ಮಹಾಬಲೇಶ್ವರನ ಗುಡಿ ಇನ್ನೂ ಹಳೆಯದು. ಹೊಯ್ಸಳ ವಿಷ್ಣುವರ್ಧನ 1128ರಲ್ಲಿ ಈ ಕ್ಷೇತ್ರಕ್ಕೆ ದತ್ತಿ ಬಿಟ್ಟ ಸಂಗತಿ ನಮಗೆ ತಿಳಿದಿರುವುದು ಶಾಸನದಿಂದ. ಮೆಟ್ಟಿಲು ಹಾದಿಯಲ್ಲಿ ಇಳಿದು ಬಂದರೆ ಏಕಶಿಲೆಯ ದೊಡ್ಡ ನಂದಿ. ಅದನ್ನು ಮಾಡಿಸಿದವರು ದೊಡ್ಡದೇವರಾಜ ಒಡೆಯರು ಎಂದು ಅಲ್ಲಿ ಹೂವು ಮಾರುವವರೂ ಹೇಳುತ್ತಾರೆ. ಕಡೆದವನ ಹೆಸರು ಹೇಳುವವರನ್ನು ಮಾತ್ರ ನಾನು ಕಂಡಿಲ್ಲ.

ಮಾಡಿಸಿದವನ ಹೆಸರು ಉಳಿಯುವುದು, ಮಾಡಿದವನ ಹೆಸರು ಅಳಿಯುವುದು ನಮ್ಮಲ್ಲಿ ಹೊಸದೇನಲ್ಲ. ಹಾಗಿರುವಾಗ ಬೆಟ್ಟದಿಂದ ಉತ್ತರಕ್ಕೆ ಕಣ್ಣು ಹಾಯಿಸಿದರೆ, ನಗರದ ಆಚೆ, ಕಾವೇರಿಯ ನಡುಗಡ್ಡೆಯ ಶ್ರೀರಂಗಪಟ್ಟಣದಲ್ಲಿ ಇನ್ನೂರು ವರ್ಷಗಳ ಹಿಂದೆ ಕೆಲವು ಕುಶಲಕರ್ಮಿಗಳು ತಮ್ಮ ಕೆಲಸಕ್ಕೆ ಸಹಿ ಹಾಕಿದರು ಎಂಬುದು ಕುತೂಹಲ ಹುಟ್ಟಿಸುತ್ತದೆ. ಅವರು ಸಹಿ ಹಾಕಿದ್ದು ಕಲ್ಲಿನ ಮೇಲಲ್ಲ, ಕೋವಿಯ ಮೇಲೆ.

ಟಿಪ್ಪು ಸುಲ್ತಾನನ ಖಾಸಾ ಬಂದೂಕುಗಳ ಮೇಲೆ ಅಸದ್ ಖಾನ್ ಮುಹಮ್ಮದ್, ಸಯ್ಯದ್ ಮಾಸೂಮ್, ಸಯ್ಯದ್ ದಾವೂದ್ ಎಂಬಂಥ ಹೆಸರುಗಳು ಕಾಣಸಿಗುತ್ತವೆ. ಜೊತೆಗೆ ಊರಿನ ಹೆಸರು, ಅದೂ ಬರೀ ‘ಪಟ್ಟಣ’ ಎಂದು. ಇಂದಿಗೂ ಮಂಡ್ಯ ಸೀಮೆಯ ಹಳ್ಳಿಗರು ಹೇಳುವುದು ಹಾಗೆಯೇ. ವರ್ಷದ ಅಂಕೆ, ‘ಹೈದರಿ’ ಎಂಬ ಮುದ್ರೆ, ನಳಿಗೆಯ ಮೇಲೆ ‘ಬಬ್ರಿ’ ಎನ್ನುವ ಹುಲಿಪಟ್ಟೆಯ ಅಲಂಕಾರ ಕೂಡ ಇರುತ್ತವೆ. ಚಕಮಕಿ ಕಲ್ಲನ್ನು ಕಚ್ಚಿ ಹಿಡಿಯುವ ಭಾಗವನ್ನೇ ಹುಲಿಯ ರೂಪದಲ್ಲಿ ಮಾಡಿದ್ದೂ ಉಂಟು.

ವರ್ಷದ ಅಂಕೆಯ ವಿಷಯ ಸ್ವಲ್ಪ ವಿವರಿಸಬೇಕು. ಸಂಶೋಧಕರು ಎಡವುವುದು ಇಲ್ಲಿಯೇ. 1787ರ ಸುಮಾರಿಗೆ ಟಿಪ್ಪು ಹಿಜರಿ ಶಕೆಯನ್ನು ಬಿಟ್ಟು ‘ಮೌಲೂದಿ’ ಎಂಬ ತನ್ನದೇ ಶಕೆಯನ್ನು ಜಾರಿಗೆ ತಂದ. ಹೆಸರು ಇಸ್ಲಾಮೀ ಸಂಪ್ರದಾಯದ್ದು, ಆದರೆ ಲೆಕ್ಕ ನಮ್ಮ ಪಂಚಾಂಗದ್ದು. ಚಾಂದ್ರಮಾನದ ತಿಂಗಳು, ಅಧಿಕಮಾಸ, ಅರವತ್ತು ಸಂವತ್ಸರಗಳ ಚಕ್ರ ಎಲ್ಲವನ್ನೂ ಇಟ್ಟುಕೊಂಡು ಸಂವತ್ಸರಗಳಿಗೂ ತಿಂಗಳಿಗೂ ಹೊಸ ಹೆಸರು ಕೊಟ್ಟ. ಅಷ್ಟು ಸಾಲದೆಂಬಂತೆ ಅಂಕೆಗಳನ್ನೂ ಬಲದಿಂದ ಎಡಕ್ಕೆ ಬರೆಸಿದ! ಫಾರ್ಸಿ ಅಕ್ಷರ ಬಲದಿಂದ ಎಡಕ್ಕೆ ಹೋದರೂ ಅಂಕೆ ಎಡದಿಂದ ಬಲಕ್ಕೇ ಹೋಗುವುದು ವಾಡಿಕೆ. ಈ ಗುಟ್ಟು ತಿಳಿಯದವನು 1222 ಎಂಬುದನ್ನು 2221 ಎಂದು ಓದಿ ತಲೆ ಕೆರೆದುಕೊಳ್ಳುತ್ತಾನೆ. ಫಾರ್ಸಿ ಬಲ್ಲವನಿಗೆ ಪಂಚಾಂಗ ಬಾರದು, ಪಂಚಾಂಗ ಬಲ್ಲವನಿಗೆ ಫಾರ್ಸಿ ಬಾರದು. ಟಿಪ್ಪುವಿನ ಕೋವಿ ಓದಲು ಎರಡೂ ಬೇಕು.

ಈ ಕೆಲಸಗಾರರು ನಕಲು ಹೊಡೆಯುವವರಷ್ಟೇ ಆಗಿರಲಿಲ್ಲ. 2015ರಲ್ಲಿ ಲಂಡನ್ನಿನಲ್ಲಿ ಹರಾಜಾದ ಒಂದು ಬೇಟೆಯ ಬಂದೂಕನ್ನು ನೋಡಿ. ಅದಕ್ಕೆ ಒಂದೇ ನಳಿಗೆ, ಆದರೆ ಎರಡು ಗುಂಡು. ಒಂದು ಮದ್ದು-ಗುಂಡಿನ ಮೇಲೆ ಇನ್ನೊಂದನ್ನು ತುಂಬಿ, ಮೊದಲು ಮುಂದಿನದನ್ನು, ಆಮೇಲೆ ಹಿಂದಿನದನ್ನು ಹಾರಿಸಬೇಕು. ಮುಂದಿನದು ಸಿಡಿದಾಗ ಕಿಡಿ ಹಿಂದಕ್ಕೆ ಜಾರಿ ಎರಡನೆಯದಕ್ಕೂ ತಗುಲಿದರೆ ನಳಿಗೆ ಒಡೆದು ಹಿಡಿದವನ ಮುಖಕ್ಕೇ ಬಂದೀತು. ಆ ಕೋವಿ ಹಿಡಿಯುವವನು ಸುಲ್ತಾನ. ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಆಗುವ ಅನಾಹುತ ಮಾಡಿದವನಿಗೆ ಗೊತ್ತಿರಲೇಬೇಕು.

ಈ ವಿದ್ಯೆ ಎಲ್ಲಿಂದ ಬಂತು? ಒಂದು ಪಾಲು ಫ್ರೆಂಚರಿಂದ. 1788ರಲ್ಲಿ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋದ ಟಿಪ್ಪುವಿನ ರಾಯಭಾರಿಗಳು ಕೇಳಿದ್ದರಲ್ಲಿ ಕುಶಲಕರ್ಮಿಗಳೂ ಸೇರಿದ್ದರು. ಕೆಲವರನ್ನು ಜೊತೆಗೆ ಕರೆತಂದರು ಕೂಡ. ಇನ್ನೊಂದು ಪಾಲು ಈ ನೆಲದ್ದೇ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್, ನಮ್ಮ ಹಳ್ಳಿಗಳ ಕುಲುಮೆಗಳಲ್ಲಿ ಕಬ್ಬಿಣ, ಉಕ್ಕು ತೆಗೆಯುತ್ತಿದ್ದ ಬಗೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ವೀಣೆಯ ತಂತಿಗೆ ಚನ್ನಪಟ್ಟಣದ ಉಕ್ಕು ಹೆಸರಾಗಿದ್ದ ಕಾಲ ಅದು. ತಂತಿ ಎಳೆಯುವ ಕೈಗೂ ನಳಿಗೆ ಸುತ್ತುವ ಕೈಗೂ ಬಹಳ ದೂರವಿಲ್ಲ.

ಇನ್ನು ಮಾಡಿದವರ ಬದುಕು. ಇಲ್ಲೊಂದು ಹೋಲಿಕೆ ಉಪಯೋಗಕ್ಕೆ ಬಂದೀತು. ಅದೇ ಕಾಲದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಎಂಬ ಊರಿನಲ್ಲಿ ಜೇಕಬ್ ಡಿಕರ್ಟ್ ಎಂಬ ಕೋವಿ ಮಾಡುವವನಿದ್ದ. ಜರ್ಮನಿಯ ಮೈನ್ಸ್‌ನಲ್ಲಿ 1740ರಲ್ಲಿ ಹುಟ್ಟಿ, ಎಳವೆಯಲ್ಲೇ ಹಡಗು ಹತ್ತಿ ಬಂದು, 1822ರಲ್ಲಿ ತೀರಿಕೊಂಡ. ಸಂಶೋಧಕರಿಗೆ ಇಷ್ಟು ಹೇಗೆ ಗೊತ್ತಾಯಿತು ಎಂದರೆ, ಅವನು ನಡೆದುಕೊಳ್ಳುತ್ತಿದ್ದ ಮೊರೇವಿಯನ್ ಚರ್ಚಿನವರು ಹುಟ್ಟು, ಮದುವೆ, ಸಾವುಗಳನ್ನು ತಪ್ಪದೆ ಬರೆದಿಡುವವರು. ಜೊತೆಗೆ ಊರಿನ ತೆರಿಗೆ ಪಟ್ಟಿ, ಆಸ್ತಿ ಪತ್ರಗಳು. (ಅಂದಹಾಗೆ 1782ರಲ್ಲಿ ಇಂಗ್ಲಿಷರ ಹಡಗೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು ‘ಹೈದರ್ ಅಲಿ’. ನಮ್ಮವನ ಕೀರ್ತಿ ಅಷ್ಟು ದೂರ ಮುಟ್ಟಿತ್ತು!)

ಅಸದ್ ಖಾನ್ ಮುಹಮ್ಮದನಿಗೆ ಅಂಥ ಚರ್ಚಿನ ಪುಸ್ತಕವಿಲ್ಲ. ಇರುವುದು ಅವನ ಕೋವಿಗಳೇ. 1799ರ ಮೇ 4ರಂದು ಪಟ್ಟಣ ಬಿದ್ದಾಗ ಇಂಗ್ಲಿಷರು ತೋಪುಗಳನ್ನು ಎಣಿಸಿ 929 ಎಂದು ಬರೆದುಕೊಂಡರು. ಬಂದೂಕುಗಳ ಲೆಕ್ಕ ಸುಮಾರು 99 ಸಾವಿರ. ಟಿಪ್ಪುವಿನ ಗ್ರಂಥಾಲಯಕ್ಕೆ ಚಾರ್ಲ್ಸ್ ಸ್ಟೂವರ್ಟ್ 1809ರಲ್ಲಿ ಸೂಚಿ ಅಚ್ಚು ಹಾಕಿಸಿದ, ಪತ್ರಗಳನ್ನು ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ತಂದ. ಆಯುಧ ಎಣಿಸಿದರು, ಪುಸ್ತಕ ಎಣಿಸಿದರು, ಒಡವೆ ಹಂಚಿಕೊಂಡರು. ಕಮ್ಮಾರಸಾಲೆಯ ಜನರನ್ನು ಎಣಿಸುವ ಗೋಜು ಗೆದ್ದವರಿಗೆ ಇರಲಿಲ್ಲ.

ಹಾಗಾಗಿ ಕೋವಿಯೇ ಶಾಸನ. ಇದು ಉತ್ಪ್ರೇಕ್ಷೆಯಲ್ಲ. ಹೆಸರು, ಊರು, ವರ್ಷ, ಒಡೆಯನ ಮುದ್ರೆ ಇವಿಷ್ಟಿದ್ದರೆ ಕಲ್ಲಿನದನ್ನು ನಾವು ಶಾಸನವೆನ್ನುತ್ತೇವೆ. ಬಿ.ಎಲ್. ರೈಸ್ ಮತ್ತು ಅವರ ನಂತರದವರು ಹಳ್ಳಿ ಹಳ್ಳಿ ಅಲೆದು ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳಲ್ಲಿ ಕಲ್ಲು, ತಾಮ್ರದ ಬರಹಗಳನ್ನು ಕೂಡಿಟ್ಟಿದ್ದರಿಂದಲೇ ಬೆಟ್ಟದ ಮೇಲಿನ ದತ್ತಿಯ ಮಾತು ಇಂದು ಆಡಲು ಸಾಧ್ಯವಾಗಿದೆ. ಉಕ್ಕಿನ ಮೇಲಿನ ಬರಹಗಳಿಗೆ ಆ ಭಾಗ್ಯ ತಡವಾಗಿ ಬಂತು, ಅದೂ ಇಂಗ್ಲೆಂಡಿನಲ್ಲಿ. ರಾಬಿನ್ ವಿಗಿಂಗ್ಟನ್ ಎಂಬ ಸಂಗ್ರಾಹಕ 1992ರಲ್ಲಿ ಟಿಪ್ಪುವಿನ ಬಂದೂಕುಗಳ ಪಟ್ಟಿಯನ್ನು ಒಂದು ಪುಸ್ತಕವಾಗಿ ಹೊರತಂದ. ಇಂದಿಗೂ ಹರಾಜಿನವರು ಮೊದಲು ತೆರೆಯುವುದು ಅದನ್ನೇ. ಅವನ ಸ್ವಂತ ಸಂಗ್ರಹವೂ 2005ರಲ್ಲಿ ಹರಾಜಾಗಿ ಚದುರಿಹೋಯಿತು. 2019ರಲ್ಲಿ ಬರ್ಕ್‌ಷೈರಿನ ಒಂದು ಮನೆಯ ಅಟ್ಟದಿಂದ ಟಿಪ್ಪುವಿನ ಇನ್ನೊಂದು ಬಂದೂಕು, ಕತ್ತಿಗಳು ಹೊರಬಂದು ಮಾರಾಟವಾದವು.

ಇಂಥ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಎರಡು ಗಲಾಟೆ ಏಳುತ್ತವೆ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬುದು ಒಂದು, ವಸ್ತುವನ್ನು ವಾಪಸು ತರಬೇಕೋ ಬೇಡವೋ ಎಂಬುದು ಇನ್ನೊಂದು. ಎರಡೂ ಮುಗಿಯುವ ಮಾತಲ್ಲ. ಅಷ್ಟರಲ್ಲಿ ಕೋವಿ ಯಾರದೋ ತಿಜೋರಿ ಸೇರಿರುತ್ತದೆ, ಅದರ ಮೇಲಿನ ನಾಲ್ಕು ಪದ ಓದದೆ ಉಳಿಯುತ್ತದೆ. ವಸ್ತು ಬಾರದಿದ್ದರೂ ಬರಹ ಬರಬಹುದು. ಅದಕ್ಕೆ ಬೇಕಾದದ್ದು ಒಂದು ಒಳ್ಳೆಯ ಛಾಯಾಚಿತ್ರ, ಓದಬಲ್ಲ ಒಬ್ಬರು.

ನಮ್ಮಲ್ಲಿ ಆಸಕ್ತಿ ಇಲ್ಲವೆಂದೂ ಹೇಳುವಂತಿಲ್ಲ. 2017ರಲ್ಲಿ ಜೋಡಿ ರೈಲು ಹಳಿಗೆ ಅಡ್ಡ ಬಂದ ಶ್ರೀರಂಗಪಟ್ಟಣದ ಮದ್ದಿನ ಮನೆಯನ್ನು, ಸುಮಾರು ಸಾವಿರ ಟನ್ ತೂಕದ ಕಟ್ಟಡವನ್ನು, ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿ ಉಳಿಸಿಕೊಂಡರು. 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರು ನಗರದ ಹಾಳುಬಾವಿಯಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕಾಗ ಪುರಾತತ್ವ ಇಲಾಖೆಯವರು ಕೆಸರಿನಿಂದ ಒಂದೊಂದನ್ನೇ ಎತ್ತಿ ತೆಗೆದರು. ಅಷ್ಟೇ ತಾಳ್ಮೆಯಿಂದ ಕೋವಿಗಳ ಸಹಿಗಳನ್ನೂ ಜೋಡಿಸಿ, ಮೈಸೂರಿನ ಯಾವುದಾದರೂ ಸಂಸ್ಥೆ ಕನ್ನಡದಲ್ಲಿ ಒಂದು ಪಟ್ಟಿ ಮಾಡಬಹುದು. ಅಸದ್ ಖಾನನ ಮೊದಲ ಕೋವಿ ಯಾವ ವರ್ಷದ್ದು, ಕೊನೆಯದು ಯಾವುದು, ನಡುವೆ ಅವನ ಕೈ ಹೇಗೆ ಪಳಗಿತು ಎಂದು ಸಾಲಾಗಿ ಇಟ್ಟು ನೋಡಿದರೆ ಅದೇ ಅವನ ಜೀವನಚರಿತ್ರೆಯಾದೀತು. ಅಂಕೆಗಳನ್ನು ಮಾತ್ರ ಬಲದಿಂದ ಎಡಕ್ಕೆ ಓದಿಕೊಳ್ಳಬೇಕು.