ಗಡ್ಡದಿಂದ ಗಿರವಿಗೆ

ಬಹುಕಾಲ ಬ್ಯಾಂಕುಗಳ ಬೀದಿಯೆಂದೇ ಹೆಸರಾಗಿದ್ದ ಲಂಡನ್ನಿನ ಲೊಂಬಾರ್ಡ್ ಬೀದಿಯ ಹೆಸರಿನ ಮೂಲವನ್ನು ಹುಡುಕುತ್ತ ಹೊರಟರೆ ನಾವು ಒಂದು ಗಡ್ಡದ ಕತೆಗೆ ಬಂದು ಮುಟ್ಟುತ್ತೇವೆ.

ಕ್ರಿ.ಶ. 568ರಲ್ಲಿ ದೊರೆ ಆಲ್ಬೋಯಿನನೊಡನೆ ಇಟಲಿಗೆ ನುಗ್ಗಿದ ಜರ್ಮಾನಿಕ್ ಜನಾಂಗದ ಹೆಸರು ‘ಲಾಂಗೊಬಾರ್ಡಿ’; ಉದ್ದಗಡ್ಡದವರು ಎಂದರ್ಥ. ಯುದ್ಧದ ದಿನ ಅವರ ಹೆಂಗಸರು ತಲೆಗೂದಲನ್ನೇ ಗಡ್ಡದಂತೆ ಮುಖಕ್ಕೆ ಇಳಿಬಿಟ್ಟು ನಿಂತರೆಂದೂ, ಅವರನ್ನು ಕಂಡ ದೇವರೇ ‘ಈ ಉದ್ದಗಡ್ಡದವರು ಯಾರು?’ ಎಂದು ಕೇಳಿದನೆಂದೂ ಐತಿಹ್ಯ. ಇದನ್ನು 8ನೆಯ ಶತಮಾನದಲ್ಲಿ ಬರೆದಿಟ್ಟ ಅದೇ ಕುಲದ ಸಂನ್ಯಾಸಿ ಪಾಲ್ ತಾನೇ ಇದನ್ನು ನಗೆಗೀಡಾಗುವ ಕತೆ ಎಂದಿದ್ದಾನೆ.

774ರಲ್ಲಿ ಶಾರ್ಲೆಮೇನ್ ಅವರ ರಾಜ್ಯವನ್ನು ಗೆದ್ದುಕೊಂಡನು. ಅರಸೊತ್ತಿಗೆ ಹೋದರೂ ಉತ್ತರ ಇಟಲಿಯ ಆ ನಾಡಿಗೆ ಲೊಂಬಾರ್ಡಿ ಎಂಬ ಹೆಸರು ಉಳಿಯಿತು.

13ನೆಯ ಶತಮಾನದಲ್ಲಿ ಇಟಲಿಯ ವರ್ತಕರು ಲಂಡನ್, ಪ್ಯಾರಿಸ್‌ಗಳಲ್ಲಿ ನೆಲೆಸಿ ಲೇವಾದೇವಿ ನಡೆಸುತ್ತಿದ್ದರು. ಫ್ಲಾರೆನ್ಸಿನವನಿರಲಿ, ಲುಕ್ಕಾದವನಿರಲಿ, ಅಲ್ಲಿನವರಿಗೆ ಎಲ್ಲರೂ ‘ಲೊಂಬಾರ್ಡ’ರೇ. ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ ಲುಕ್ಕಾದ ರಿಕಾರ್ಡಿ ಸಾಹುಕಾರರಿಂದ ವರ್ಷಗಟ್ಟಲೆ ಸಾಲ ಪಡೆದು, 1294ರಲ್ಲಿ ಅವರ ಆಸ್ತಿಯನ್ನೇ ಮುಟ್ಟುಗೋಲು ಹಾಕಿಕೊಂಡನು. ವರ್ತಕರು ಹೋದರು, ಹೆಸರು ಹೋಗಲಿಲ್ಲ. ರಷ್ಯನ್ ಭಾಷೆಯಲ್ಲಿ ಇಂದಿಗೂ ‘ಲೊಂಬಾರ್ಡ್’ ಎಂದರೆ ಗಿರವಿ ಅಂಗಡಿ.

ಇಡ್ಲಿ-ದೋಸೆಯ ಹೋಟೆಲಿಗೆಲ್ಲ ‘ಉಡುಪಿ’ ಎನ್ನುವ ಮುಂಬಯಿಯನ್ನು ಬಲ್ಲ ನಮಗೆ ಇದು ತೀರ ಹೊಸದಲ್ಲ. ಪರಸ್ಥಳದಲ್ಲಿ ನೆಲೆಸಿದವರ ಊರಿನ ಹೆಸರು ಕಸುಬಿನ ಹೆಸರಾಗಲು ಬಹಳ ಕಾಲ ಬೇಕಿಲ್ಲ.